ಮೊದಲು ಸಂತೆ, ಆಮೇಲೆ ಅಡುಗೆ

ಕುಮಟಾ
ಮೇ ತಿಂಗಳ ಎರಡನೇ ಸೋಮವಾರ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಕಾರವಾರದಲ್ಲಿ ನಿಮ್ಮನೆಯಲ್ಲಿ ಎಂಟು ದಿನ ಇದ್ದು ಬಂದಮೇಲೆ ಈ ಕಾಗದ ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಬರೆದಿದ್ದರೆ ನೀನು ಎರಡು ಸಲ ಓದಬಹುದು, ಬೇಕಾದಾಗ ಮತ್ತೆ ತೆಗೆದು ನೋಡಬಹುದು.

ನಾನು ಹೊರಡುವ ಹಿಂದಿನ ರಾತ್ರಿ ನೀನು ಅಡುಗೆಮನೆಯಲ್ಲಿ ಬಿಲ್ಲುಗಳನ್ನು ಹರಡಿಕೊಂಡು ಕೂಡಿಸುತ್ತಿದ್ದೆ. "ದೊಡ್ಡಮ್ಮ, ಐದು ಜನರ ಊಟಕ್ಕೆ ತಿಂಗಳಿಗೆ ಹದಿನಾಲ್ಕು ಸಾವಿರ ಹೇಗಾಯ್ತು?" ಎಂದು ಕೇಳಿದಾಗ ನಿನ್ನ ಕಣ್ಣು ತುಂಬಿತ್ತು. ಒಳಗೆ ನಿನ್ನ ಅತ್ತೆಯವರು ಮಲಗಿದ್ದರು, ಹಾಗಾಗಿ ನಾನು ಸುಮ್ಮನಿದ್ದೆ. ಆದರೆ ಉತ್ತರ ನನಗೆ ಬೆಳಿಗ್ಗೆಯೇ ಸಿಕ್ಕಿತ್ತು. ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ ಎರಡು ಕಟ್ಟು ಕೊತ್ತಂಬರಿ ಕೊಳೆತು ನೀರಾಗಿತ್ತು. ಬೀನ್ಸ್ ಲೋಳೆ ಬಿಟ್ಟಿತ್ತು. ಒಂದು ಕೊಂಡರೆ ಒಂದು ಉಚಿತ ಎಂದು ತಂದ ಸಾಸ್ ಬಾಟಲಿಗಳಲ್ಲಿ ಎರಡನೆಯದರ ಮುಚ್ಚಳ ತೆಗೆಯುವ ಮೊದಲೇ ದಿನಾಂಕ ಮುಗಿದಿತ್ತು. ಅವನ್ನೆಲ್ಲ ಹೊರಗೆ ಹಾಕುವಾಗ ನನಗೆ ನಿನ್ನ ದುಡಿಮೆಯೇ ಬುಟ್ಟಿಗೆ ಬಿದ್ದಂತೆ ಸಂಕಟವಾಯಿತು.

ನೀನು ದುಂದು ಮಾಡುವವಳಲ್ಲ ಎಂಬುದು ನನಗೆ ಗೊತ್ತು. ನಿನ್ನ ಮನೆಯಲ್ಲಿ ಹಣ ಸೋರುವುದು ಒಂದೇ ಕಾರಣಕ್ಕೆ. ನೀನು ಮೊದಲು ಅಡುಗೆ ಯೋಚಿಸುತ್ತೀ, ಆಮೇಲೆ ಸಾಮಾನಿಗೆ ಹೋಗುತ್ತೀ. ಬುಧವಾರ ಮಗ ಹೂಕೋಸು ಕೇಳಿದ, ನೀನು ತಂದೆ. ಅಂದು ಅದು ಏನು ದರ ಎಂದು ನೋಡಲಿಲ್ಲ. ಮರುದಿನ ಯಾರೋ ಬೇರೆ ಏನೋ ಕೇಳಿದರು, ಭಾನುವಾರ ತಂದದ್ದು ಹಿಂದೆ ಉಳಿಯಿತು, ಶನಿವಾರ ಕೊಳೆಯಿತು. ಇದನ್ನು ತಿರುಗಿಸಿಬಿಡು. ಯಾವುದು ಈ ವಾರ ಅಗ್ಗವೋ ಅದನ್ನು ಮೊದಲು ಕಂಡುಕೋ. ಅದರಿಂದ ಏನು ಮಾಡಬಹುದು ಎಂದು ಆಮೇಲೆ ಯೋಚಿಸು.

ಕಾರವಾರದ ಭಾನುವಾರದ ಸಂತೆ ನಿನಗೆ ನಡೆದು ಹೋಗುವಷ್ಟು ಹತ್ತಿರ. ಘಟ್ಟದ ಮೇಲಿಂದ ತರಕಾರಿ ತಂದವರು ಸಂಜೆ ಗಂಟು ಕಟ್ಟುವ ಹೊತ್ತಿಗೆ ಉಳಿದದ್ದನ್ನು ವಾಪಸ್ ಒಯ್ಯಲು ಇಷ್ಟಪಡುವುದಿಲ್ಲ. ಕೋಸು, ಬಟಾಟೆ, ಈರುಳ್ಳಿ, ಸಿಹಿಗುಂಬಳ, ಸುವರ್ಣಗಡ್ಡೆಗೆ ಸಂಜೆ ಹೋಗು. ಅವು ಬಿಸಿಲಲ್ಲಿ ಒಂದು ದಿನ ಕೂತರೂ ಕೆಡುವುದಿಲ್ಲ. ಸೊಪ್ಪಿಗೆ ಮಾತ್ರ ಬೆಳಿಗ್ಗೆಯೇ ಹೋಗಬೇಕು. ಸಂಜೆಯ ಸೊಪ್ಪು ಅರ್ಧ ದರಕ್ಕೆ ಸಿಕ್ಕರೂ ಅರ್ಧ ಬಿಸಾಡಬೇಕಾಗುತ್ತದೆ. ಮೊದಲೊಮ್ಮೆ ಕೈಯಲ್ಲಿ ಚೀಲ ಬಿಚ್ಚದೆ ಸಂತೆಯ ಆ ತುದಿಯಿಂದ ಈ ತುದಿಯವರೆಗೆ ನಡೆದು ಬಾ. ಯಾವ ತರಕಾರಿ ಎಲ್ಲ ಅಂಗಡಿಯಲ್ಲೂ ರಾಶಿ ಬಿದ್ದಿದೆಯೋ ಅದು ಆ ವಾರದ ಬೆಳೆ. ಅದರಲ್ಲಿ ಎರಡು ಮೂರು ಬಗೆ ಆರಿಸು, ಅಷ್ಟರಲ್ಲಿ ವಾರ ಕಳೆಯುತ್ತದೆ.

ಮನೆಗೆ ಬಂದಮೇಲೆ ವಾರದ ಅಡುಗೆ ಬರೆ. ಬರೆಯುವಾಗ ನಾಲಿಗೆಯ ಮಾತು ಕೇಳಬೇಡ, ಬಾಡುವ ಕ್ರಮ ನೋಡು. ಹರಿವೆ, ಮೆಂತ್ಯ, ಕೊತ್ತಂಬರಿ ಭಾನುವಾರ ಮತ್ತು ಸೋಮವಾರಕ್ಕೆ. ಹರಿವೆಯ ಎಲೆ ಒಂದು ದಿನದ ಪಲ್ಯ, ದಂಟು ಮರುದಿನದ ಹುಳಿಗೆ. ಬೆಂಡೆ, ಬದನೆ, ಟೊಮೆಟೊ ಬುಧವಾರದೊಳಗೆ ಮುಗಿಯಲಿ. ಕೋಸು ಗುರುವಾರ ಶುಕ್ರವಾರದವರೆಗೂ ಗಟ್ಟಿಯಾಗಿಯೇ ಇರುತ್ತದೆ. ಶನಿವಾರ ಮನೆಯಲ್ಲಿ ಹಸಿ ತರಕಾರಿ ಇರಬಾರದು. ಅಂದು ಹೆಸರುಕಾಳೋ ಅಲಸಂದೆಯೋ ಮೊಳಕೆ ಬಂದಿರಲಿ. ಕಾಲು ಕಿಲೋ ಹೆಸರು ನೆನೆಸಿ ಕಟ್ಟಿಟ್ಟರೆ ಐದು ಜನರಿಗೆ ಉಸಳಿಯಾಗಿ ಮಿಗುತ್ತದೆ. ಶನಿವಾರ ರಾತ್ರಿ ಫ್ರಿಜ್ಜಿನ ಕೆಳಗಿನ ಡಬ್ಬಿ ತೊಳೆದು ಒರೆಸಿಟ್ಟರೆ ಭಾನುವಾರ ಎಷ್ಟು ತರಬೇಕು ಎಂದು ಕಣ್ಣಿಗೇ ಕಾಣುತ್ತದೆ.

ಇದೆಲ್ಲ ನನಗೆ ಯಾರೂ ಕಲಿಸಲಿಲ್ಲ. ನೀನು ಹುಟ್ಟುವ ಮೊದಲು ದೊಡ್ಡಪ್ಪ ಕೆಲಸ ಮಾಡುತ್ತಿದ್ದ ಕಡೆ ಏಳು ತಿಂಗಳು ಸಂಬಳ ಆಗಲಿಲ್ಲ. ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಮಾವ. ಆಗ ಒಂದು ನೂರು ಪುಟದ ನೋಟ್‌ಬುಕ್ ತಂದು ಪ್ರತಿ ಬುಧವಾರ ನಮ್ಮ ಸಂತೆಯ ದರ ಬರೆಯತೊಡಗಿದೆ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಮೆಣಸು, ಕಾಯಿ, ಈರುಳ್ಳಿ, ಇಷ್ಟೇ. ಎರಡು ತಿಂಗಳು ಬರೆದಮೇಲೆ ಕಣ್ಣು ತೆರೆಯಿತು. ಅಂಗಡಿಯವನು ಕಡಿಮೆ ಎಂದು ಹೇಳುವ ದರ ನಿಜಕ್ಕೂ ಕಡಿಮೆಯೋ ಅಲ್ಲವೋ ಎಂದು ಯಾರನ್ನೂ ಕೇಳದೆ ತಿಳಿಯುತ್ತಿತ್ತು. ನೀನು ಮೊಬೈಲಿನಲ್ಲಾದರೂ ಬರೆ, ಹತ್ತು ಸಾಮಾನು ಸಾಕು. ಸೂಪರ್ ಮಾರ್ಟಿನ ದರ, ಕಿರಾಣಿ ಅಂಗಡಿಯ ದರ, ಸಂತೆಯ ದರ ಪಕ್ಕಪಕ್ಕ ಇರಲಿ. ಈ ಪತ್ರದಲ್ಲಿ ಬೇರೆ ಏನು ಮರೆತರೂ ಇದನ್ನೊಂದು ಮಾಡು.

ಮಾರ್ಟಿನ ಆಫರುಗಳ ಬಗ್ಗೆ ನೀನು ಕೇಳಿದ್ದೆ. ತಿಂಗಳ ಮೊದಲ ವಾರ, ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸು, ದಸರಾ ದೀಪಾವಳಿಗೆ ರಿಯಾಯಿತಿ ಬರುತ್ತದೆ. ಸೋಪು, ಪಾತ್ರೆ ತೊಳೆಯುವ ಪುಡಿ, ಚಹಾ ಪುಡಿ, ಎಣ್ಣೆ ಆಗ ಕೊಳ್ಳು. ನೀನು ಹೇಗೂ ಬಳಸುವ, ಬೇಗ ಕೆಡದ ವಸ್ತುಗಳು ಅವು. ನಿಮ್ಮನೆಯಲ್ಲಿ ಯಾರೂ ತಿನ್ನದ ಸಾಸ್ ಉಚಿತವಾಗಿ ಬಂದರೂ ದುಬಾರಿಯೇ. ರಿಯಾಯಿತಿಯ ಅಕ್ಷರ ದೊಡ್ಡದಾಗಿರುತ್ತದೆ, ನೀನು ಸಣ್ಣ ಅಕ್ಷರ ಓದು. ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಬೀಳುತ್ತದೆ ಎಂದು ಮುದ್ರಿಸಬೇಕೆಂಬ ನಿಯಮ ಬಂದಿದೆ. ಎರಡು ಪ್ಯಾಕೆಟ್ಟುಗಳನ್ನು ಹೋಲಿಸುವಾಗ ಆ ಒಂದು ಅಂಕೆ ಸಾಕು. ಎಣ್ಣೆಯಲ್ಲಿ ಇನ್ನೂ ಎಚ್ಚರ ಬೇಕು. 1 ಲೀಟರ್ ಅಡುಗೆ ಎಣ್ಣೆ ತೂಕದಲ್ಲಿ ಸುಮಾರು 910 ಗ್ರಾಂ ಬರುತ್ತದೆ. ಅದೇ ಗಾತ್ರದಂತೆ ಕಾಣುವ ಪ್ಯಾಕೆಟ್ಟಿನಲ್ಲಿ 850 ಗ್ರಾಂ ಇದ್ದರೆ ಹತ್ತು ರೂಪಾಯಿ ಕಡಿಮೆ ಎಂದು ಹಿಗ್ಗುವಂತಿಲ್ಲ. ನಿನ್ನ ಮನೆಯಲ್ಲೇ ನೋಡಿದೆ, ರಿಯಾಯಿತಿಯಲ್ಲಿ ತಂದ ಅರ್ಧ ಕಿಲೋ ತೊಗರಿಬೇಳೆ ಪಕ್ಕದ ಕಿರಾಣಿಯ ಬಿಡಿ ಬೇಳೆಗಿಂತ ಕಿಲೋಗೆ 14 ರೂಪಾಯಿ ಹೆಚ್ಚು ಬಿದ್ದಿತ್ತು.

ಇನ್ನು ಮಳೆಗಾಲ. ಅಗ್ಗ ಸಿಕ್ಕಿತೆಂದು ಹೆಚ್ಚು ತಂದಿಡುವುದು ಘಟ್ಟದ ಮೇಲಿನವರಿಗೆ ನಡೆದೀತು, ನಮ್ಮ ಕರಾವಳಿಯ ತೇವಕ್ಕೆ ನಡೆಯುವುದಿಲ್ಲ. ಒಂದು ವರ್ಷ ಮೇ ತಿಂಗಳಲ್ಲಿ ಬೇಳೆ ಅಗ್ಗವೆಂದು ಹತ್ತು ಕಿಲೋ, ರವೆ ಐದು ಕಿಲೋ ತಂದೆ. ಆಷಾಢ ಮುಗಿಯುವಷ್ಟರಲ್ಲಿ ರವೆ ಬಲೆ ಕಟ್ಟಿತು, ಬೇಳೆ ಹುಳ ಹಿಡಿಯಿತು. ಅಂದು ಕಳೆದುಕೊಂಡ ಹಣ ನನಗೆ ಇವತ್ತಿಗೂ ನೆನಪಿದೆ. ಬೇಳೆ, ರವೆ, ಹಿಟ್ಟು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡ, ರವೆಯನ್ನು ತಂದ ದಿನವೇ ಹುರಿದಿಡು. ಕೂಡಿಡಬೇಕಾದ್ದು ಬೇರೆಯೇ. ಉಪ್ಪು ಹಾಕಿ ಮುದ್ದೆ ಕಟ್ಟಿದ ಹುಣಸೆ, ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ, ಬಿಸಿಲು ತಾಗಿಸಿದ ಮೆಣಸು, ಉಪ್ಪುನೀರಲ್ಲಿ ಹಾಕಿದ ಹಲಸಿನ ಸೊಳೆ, ಒಣಗಿದ ಹಲಸಿನ ಬೇಳೆ. ಮೊಗೆಕಾಯಿ (ಮಂಗಳೂರು ಸೌತೆ) ಈಗ ಗದ್ದೆಯ ಬದಿಯಲ್ಲೇ ರಾಶಿ ಹಾಕಿ ಮಾರುತ್ತಾರೆ. ಒಂದೊಂದಕ್ಕೂ ಬಾಳೆನಾರು ಸುತ್ತಿ ಜಂತಿಗೆ ತೂಗುಹಾಕಿದರೆ ಚೌತಿಯವರೆಗೆ ಬರುತ್ತದೆ. ನಿಮ್ಮ ಬಾಡಿಗೆ ಮನೆಗೆ ಜಂತಿ ಇಲ್ಲ ಎಂದು ಗೊತ್ತು, ಮಂಚದ ಕೆಳಗೆ ಒಂದಕ್ಕೊಂದು ತಾಗದಂತೆ ಇಡು. ತಿರುಳು ಹುಳಿಗೆ, ಸಿಪ್ಪೆ ಚಟ್ನಿಗೆ.

ನಮ್ಮ ಕುಮಟಾದ ಸಿಹಿ ಈರುಳ್ಳಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ್ದು ನೋಡಿದರೆ ಆಸೆಯಾಗುತ್ತದೆ, ಆದರೆ ಅದು ದಿನದ ಒಗ್ಗರಣೆಗೆ ಹಾಕುವ ದರದ್ದಲ್ಲ. ಒಂದು ಜಡೆ ಕೊಂಡು ಹಸಿಯಾಗಿ ತಿನ್ನಲು ಇಟ್ಟುಕೋ. ಬೆಳೆದವರಿಗೆ ಅದರ ಬೆಲೆ ಸಿಗಲಿ ಎಂದೇ ನಾನು ಪ್ರತಿ ವರ್ಷ ಕೊಳ್ಳುತ್ತೇನೆ.

2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ನಮ್ಮ ಮನೆಗೆ ಆ ತಿಂಗಳು ಟೊಮೆಟೊ ಬರಲೇ ಇಲ್ಲ. ಮುರುಗಲು, ಬಿಂಬುಳಿ, ಹುಣಸೆಯಲ್ಲೇ ಸಾರು ಹುಳಿ ನಡೆಯಿತು. ಮರುವರ್ಷ 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆ ದುಃಖದ ಮುಂದೆ ತರಕಾರಿಯ ಮಾತು ಸಣ್ಣದು, ಆದರೂ ಹೇಳಬೇಕು. ಜೂನ್ ಬರುವ ಮೊದಲು ಒಂದು ವಾರಕ್ಕೆ ಸಾಕಾಗುವಷ್ಟು ಕಾಳು, ಅಕ್ಕಿ, ಹಪ್ಪಳ ಮನೆಯಲ್ಲಿರಲಿ. ದಾರಿ ಕಟ್ಟಿದ ದಿನ ಅಂಗಡಿಯವರು ಹೇಳಿದ ದರಕ್ಕೆ ಕೊಳ್ಳುವ ಪಾಡು ಬರಬಾರದು.

ಮೀನಿನ ಲೆಕ್ಕ ಬೇರೆ. ನಿನ್ನ ಗಂಡನಿಗೆ ಭಾನುವಾರವೇ ಮೀನು ಬೇಕು, ಊರಿಗೆಲ್ಲ ಭಾನುವಾರವೇ ಬೇಕು. ಅದಕ್ಕೇ ಅಂದು ದರ ಏರುತ್ತದೆ. ಸೋಮವಾರ, ಗುರುವಾರ ಮೀನು ಮುಟ್ಟದ ಮನೆಗಳು ನಮ್ಮಲ್ಲಿ ಹೆಚ್ಚು. ಆ ದಿನ ಮಾರುಕಟ್ಟೆಯಲ್ಲಿ ಕೇಳುವವರು ಕಡಿಮೆ. ಸೋಮವಾರ ನಿನ್ನ ಅತ್ತೆಯವರದ್ದು ಒಪ್ಪೊತ್ತು ಊಟದ ವ್ರತ, ಹಾಗಾಗಿ ಗುರುವಾರವನ್ನು ಮೀನಿನ ದಿನ ಮಾಡಿಕೊಳ್ಳಿ. ಇಸೋಣವೇ (ಅಂಜಲ್ ಮೀನು) ಬೇಕು, ಚಟ್ಲಿಯೇ (ಸಿಗಡಿ) ಬೇಕು ಎಂದು ಮನಸ್ಸಲ್ಲಿ ಇಟ್ಟುಕೊಂಡು ಹೋಗಬೇಡ. ನೂರು ರೂಪಾಯಿಗೆ ಎಷ್ಟು ಬಂಗಡೆ ಕೊಡುತ್ತಾರೆ ಎಂದು ಕೇಳು. ನಾಲ್ಕು ಎಂದರೆ ಮುಂದೆ ನಡೆ, ಎಂಟು ಹತ್ತು ಎಂದರೆ ಅಂದು ಬಂಗಡೆ ಸಾರು. ತಾರ್ಲೆ (ಬೂತಾಯಿ) ರಾಶಿ ಬಿದ್ದ ದಿನ ತಾರ್ಲೆಯೇ. ಮಕ್ಕಳ ಮೈಗೆ ಅದು ಒಳ್ಳೆಯ ಮೀನು, ಮುಳ್ಳು ಬಿಡಿಸಿ ತಿನ್ನುವುದನ್ನು ಈಗಲೇ ಕಲಿಸು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ನಾಡದೋಣಿಯವರು ತಂದ ಸ್ವಲ್ಪವೂ ಬಂಗಾರದ ದರಕ್ಕೆ ಹೋಗುತ್ತದೆ. ಅದಕ್ಕೆ ಈ ಮೇ ಮುಗಿಯುವುದರೊಳಗೆ ಒಣ ಚಟ್ಲಿ, ಒಣ ಬಂಗಡೆ ಕೊಂಡು ಮತ್ತೊಂದು ಬಿಸಿಲು ತಾಗಿಸಿ ಗಾಳಿಯಾಡದ ಡಬ್ಬಿಯಲ್ಲಿಡು. ಒಂದು ಹಿಡಿ ಒಣ ಚಟ್ಲಿಯ ಚಟ್ನಿ ಇದ್ದರೆ ಗಂಜಿ ಊಟದ ಜೊತೆ ಮತ್ತೇನೂ ಬೇಕಾಗುವುದಿಲ್ಲ.

ಕಾಯಿಯ ದರ ಏರಿದೆ ಎಂದು ನೀನು ಮಸಾಲೆ ಪ್ಯಾಕೆಟ್ಟಿಗೆ ಹೋಗಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಕಾಯಿ ಒಡೆದ ದಿನ ಅರ್ಧ ಹುಳಿಗೆ, ಉಳಿದರ್ಧ ತುರಿದು ಫ್ರೀಜರಿಗೆ. ವಾರದಲ್ಲಿ ಎರಡು ದಿನ ಕಾಯಿಯಿಲ್ಲದ ಅಡುಗೆ ಮಾಡು, ತೊವ್ವೆಯೋ ಹುರುಳಿ ಸಾರೋ. ಒಂದೆಲಗ, ಸಾಂಬಾರಬಳ್ಳಿಯನ್ನು (ದೊಡ್ಡಪತ್ರೆ) ಬಾಲ್ಕನಿಯ ಕುಂಡದಲ್ಲಿ ನೆಡು, ತಂಬುಳಿಗೆ ನಾಲ್ಕೇ ಎಲೆ, ಎರಡೇ ಚಮಚ ಕಾಯಿತುರಿ ಸಾಕು.

ಇಷ್ಟೆಲ್ಲ ಹೇಳಿ ಒಂದನ್ನು ಬೇಡ ಎನ್ನುತ್ತೇನೆ. ಸಂತೆಯ ಅಂಚಿನಲ್ಲಿ ತಲೆಮೇಲೆ ಬುಟ್ಟಿ ಹೊತ್ತು ತಂದ ಹಾಲಕ್ಕಿ ಸಮುದಾಯದ ಹೆಂಗಸರ ಹತ್ತಿರ ಸೊಪ್ಪಿನ ಕಟ್ಟಿಗೆ ಚೌಕಾಶಿ ಮಾಡಬೇಡ. ನೀನು ಐದು ರೂಪಾಯಿಗೆ ಜಗ್ಗಿದ್ದು ನಾನು ನೋಡಿದೆ, ಅಲ್ಲಿ ಏನೂ ಅನ್ನಲಿಲ್ಲ. ಆ ಸೊಪ್ಪು ಅಂದು ಬೆಳಿಗ್ಗೆ ಕಿತ್ತದ್ದು, ಎರಡು ದಿನ ಹೆಚ್ಚು ತಡೆಯುತ್ತದೆ. ನಮ್ಮ ಉಳಿತಾಯ ಅವರ ಬುಟ್ಟಿಯಿಂದ ಬರುವುದು ಬೇಡ, ನಮ್ಮ ಫ್ರಿಜ್ಜಿನ ಕೊಳೆತದ್ದರಿಂದ ಬರಲಿ.

ವಾರದ ಪಟ್ಟಿ ಬರೆಯುವಾಗ ನಿನ್ನ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೋ. ಅವರು ನನಗಿಂತ ಹೆಚ್ಚು ಮಳೆಗಾಲ ದಾಟಿಸಿದವರು. ಕೇಳಿದರೆ ಸಂತೋಷದಿಂದ ಹೇಳುತ್ತಾರೆ, ಕೇಳದಿದ್ದರೆ ಅಡುಗೆಮನೆಯಲ್ಲಿ ತಮಗೆ ಜಾಗವಿಲ್ಲ ಎಂದುಕೊಳ್ಳುತ್ತಾರೆ. ಮಗನಿಗೂ ವಾರಕ್ಕೊಂದು ದಿನ ಕೊಡು, ಮನೆಯಲ್ಲಿರುವ ತರಕಾರಿಯಲ್ಲೇ ತನಗೆ ಬೇಕಾದ್ದನ್ನು ಅವನು ಆರಿಸಲಿ. ಮೊದಲ ತಿಂಗಳು ಸಾವಿರ ಉಳಿದರೂ ಸಾಕು.

ಶನಿವಾರ ದೊಡ್ಡಪ್ಪ ಬ್ಯಾಂಕಿನ ಕೆಲಸಕ್ಕೆ ಕಾರವಾರಕ್ಕೆ ಬರುತ್ತಾರೆ. ಅವರ ಕೈಯಲ್ಲಿ ಆರು ಮೊಗೆಕಾಯಿ, ಒಂದು ಡಬ್ಬಿ ಮುರುಗಲು ಸಿಪ್ಪೆ, ಉಪ್ಪುಸೊಳೆಯ ಭರಣಿ ಕೊಟ್ಟು ಕಳಿಸುತ್ತೇನೆ. ಸೊಳೆಯನ್ನು ಬಳಸುವ ಮೊದಲು ಎರಡು ಗಂಟೆ ನೀರಲ್ಲಿ ಹಾಕಿ ಉಪ್ಪು ಬಿಡಿಸು. ನನ್ನ ಹಳೆಯ ನೋಟ್‌ಬುಕ್ಕನ್ನೂ ಇಟ್ಟಿದ್ದೇನೆ. ಹಿಂದಿನ ಪುಟಗಳಲ್ಲಿ ಜಾಗ ಖಾಲಿ ಇದೆ, ನೀನು ಅಲ್ಲಿಂದ ಬರೆ. ಭರಣಿ ನಿನ್ನ ಅಜ್ಜಿಯದು, ಖಾಲಿಯಾದ ಮೇಲೆ ಜೋಪಾನವಾಗಿ ವಾಪಸ್ ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ