ಹಲಸಿನ ಮರದ ಗೆರೆ

ಸಾಗರ,
ಆಷಾಢದ ಒಂದು ರಾತ್ರಿ

ಪ್ರೀತಿಯ ಸಿಂಚನಾ,

ನಿನ್ನ ಕಾದಂಬರಿಯ 214 ಪುಟಗಳನ್ನೂ ಓದಿ ಮುಗಿಸಿದೆ. ಮೂರು ದಿನದಿಂದ ಮಳೆ ಹಿಡಿದುಕೊಂಡಿದೆ. ಕರೆಂಟು ಬಂದರೂ ಅರ್ಧ ಗಂಟೆ ನಿಲ್ಲುವುದಿಲ್ಲ. ಕೊನೆಯ ಐವತ್ತು ಪುಟಗಳನ್ನು ಚಾರ್ಜರ್ ಲೈಟಿನಲ್ಲಿ ಓದಿದೆ. ಜಗತ್ತು ಹಾಳಾದ ಮೇಲಿನ ಕಥೆ ಓದಲು ಇದಕ್ಕಿಂತ ಹೇಳಿಮಾಡಿಸಿದ ಏರ್ಪಾಡು ಸಿಗಲಿಕ್ಕಿಲ್ಲ.

ಚೆನ್ನಾಗಿದೆ ಎಂದು ಒಂದು ಸಾಲು ಬರೆದು ಕಳಿಸಿದರೆ ನಿನಗೂ ಖುಷಿ, ನನಗೂ ಹಗುರ. ಆದರೆ ನಿನ್ನ ಅಮ್ಮನ ಪ್ರಬಂಧಗಳಿಗೇ ನಾನು ಹಾಗೆ ಮಾಡಿದವಳಲ್ಲ, ಬೇಕಾದರೆ ಕೇಳಿ ನೋಡು.

ಕಟ್ಟಿನ ಜೊತೆಗಿಟ್ಟ ಕಾಗದದಲ್ಲಿ ನೀನೊಂದು ಪ್ರಶ್ನೆ ಕೇಳಿದ್ದೀಯೆ. ನಮ್ಮ ವಯಸ್ಸಿನವರಿಗೆ ಇಂಥ ಕತ್ತಲೆಯ ಕಥೆಗಳೇ ಯಾಕೆ ಹಿಡಿಸುತ್ತವೆ ಟೀಚರಮ್ಮ, ಅಪ್ಪ ಇದನ್ನು ಒಂದು ರೋಗ ಎನ್ನುತ್ತಾರೆ ಎಂದು. ನಿನ್ನ ಅಪ್ಪ ರಾತ್ರಿ ಒಂಬತ್ತಕ್ಕೆ ಟಿವಿ ಮುಂದೆ ಕುಳಿತು ನೋಡುವುದೇನು ಎಂದು ನಾನೂ ಕೇಳಬಹುದು. ಬೇಡ, ಮನೆಯ ನೆಮ್ಮದಿ ಮುಖ್ಯ.

ನಮ್ಮ ಎದುರು ಮನೆಯ ಹುಡುಗಿ ಹೋದ ವರ್ಷ ಎರಡನೇ ಪಿಯುಸಿಯಲ್ಲಿದ್ದಳು, ವಿಜ್ಞಾನ. ಬೆಳಿಗ್ಗೆ ಐದೂವರೆಗೆ ರೇನ್‌ಕೋಟು ತೊಟ್ಟು ಟ್ಯೂಷನ್ನಿಗೆ ಹೊರಟರೆ ಸಂಜೆ ದೀಪ ಹಚ್ಚಿದ ಮೇಲೆ ಮನೆ. ಅವಳ ಕೋಣೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿತ್ತು, ಅದರ ಪಕ್ಕದಲ್ಲಿ ಹಿಂದಿನ ವರ್ಷ ಯಾವ ರ‍್ಯಾಂಕಿಗೆ ಯಾವ ಕಾಲೇಜು ಸಿಕ್ಕಿತು ಎಂಬ ಪಟ್ಟಿ. ಆ ಮಗು ಸುಝಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' ಕಾದಂಬರಿಯನ್ನು ಕಂಬಳಿಯೊಳಗೆ ಮೊಬೈಲ್ ಹಿಡಿದುಕೊಂಡು ಎರಡೇ ರಾತ್ರಿಯಲ್ಲಿ ಮುಗಿಸಿತು. ಮಕ್ಕಳು ಮಕ್ಕಳನ್ನೇ ಕೊಲ್ಲುವ ಕಥೆ ಓದಿ ನಿದ್ದೆ ಹೇಗೆ ಬಂತೇ ಎಂದೆ. "ಚೆನ್ನಾಗಿ ಬಂತು ಅಜ್ಜಿ. ಅಲ್ಲಿ ಕಡೇಪಕ್ಷ ಅದನ್ನು ಆಟ ಎಂದು ಬಾಯಿಬಿಟ್ಟು ಹೇಳುತ್ತಾರಲ್ಲ" ಎಂದಳು.

ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಕಣ್ಣು ಚುರುಕಾಗಿರುತ್ತದೆ, ಕೈ ಕಟ್ಟಿಹಾಕಿರುತ್ತದೆ. ಅಷ್ಟು ದಿನ ಗಾಳಿ ಬೆಳಕಿನಂತೆ ಇದ್ದ ನಿಯಮಗಳು ಇದ್ದಕ್ಕಿದ್ದಂತೆ ಕಾಣತೊಡಗುತ್ತವೆ. ಇದನ್ನು ಯಾರು ಹೀಗೆ ಮಾಡಿದರು ಎಂದು ಕೇಳಿದರೆ, ಎಲ್ಲರೂ ಮಾಡುವುದೇ ಹಾಗೆ ಎಂಬ ಉತ್ತರ ಬರುತ್ತದೆ. ನಿಮ್ಮ ಕಾದಂಬರಿಗಳು ಆ ಉತ್ತರವನ್ನು ಒಪ್ಪುವುದಿಲ್ಲ. ಇಲ್ಲ, ಒಬ್ಬರು ಕುಳಿತು ತೀರ್ಮಾನಿಸಿದ್ದಾರೆ, ಅವರಿಗೆ ಹೆಸರಿದೆ, ವಿಳಾಸವಿದೆ ಎನ್ನುತ್ತವೆ. ಆ ಹುಡುಗಿಗೆ ನಿದ್ದೆ ಬಂದದ್ದು ಅದಕ್ಕೇ ಇರಬೇಕು.

ಲೋಯಿಸ್ ಲೋರಿ 1993ರಲ್ಲಿ ಪ್ರಕಟಿಸಿದ 'ದಿ ಗಿವರ್' ನೀನು ಓದಿರದಿದ್ದರೆ ಓದು. ಹನ್ನೆರಡನೆಯ ವರ್ಷಕ್ಕೆ ಬಂದ ಮಕ್ಕಳನ್ನು ಸಭೆಯಲ್ಲಿ ನಿಲ್ಲಿಸಿ ಹಿರಿಯರು ಒಬ್ಬೊಬ್ಬರಿಗೆ ಒಂದೊಂದು ಉದ್ಯೋಗ ಹಂಚುತ್ತಾರೆ. ಯಾರೂ ಗದರುವುದಿಲ್ಲ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನಗೆ ಭಯವಾದದ್ದು ಆ ಚಪ್ಪಾಳೆಗೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ಮನೆಯ ಜಗುಲಿಯಲ್ಲಿ ಚಿಕ್ಕಪ್ಪ, ಮಾವ, ಪಕ್ಕದ ಮನೆಯವರು ಕುಳಿತು, ಕಾಫಿ ಕುಡಿಯುತ್ತಾ, ಮಗುವಿನ ಕಾಂಬಿನೇಷನ್ ತೀರ್ಮಾನಿಸುವುದನ್ನು ನೋಡಿದವರು ಆ ಸಭೆಯನ್ನು ಬೇರೆ ಗ್ರಹದ್ದೆಂದು ತಿಳಿಯುವುದಿಲ್ಲ.

ಕೆಟ್ಟುಹೋದ ಲೋಕದ ಇಂಥ ಕಥೆಗಳಿಗೆ ಹೇಳುವ ಈ ಡಿಸ್ಟೋಪಿಯಾ ಎಂಬ ಮಾತಿಗೆ ಒಳ್ಳೆಯ ಕನ್ನಡ ಇನ್ನೂ ಸಿಕ್ಕಿಲ್ಲ. ಕೆಟ್ಟು ಪಟ್ಟಣ ಸೇರು ಎಂಬ ಗಾದೆಯಿದೆ. ನಿಮ್ಮ ಕಥೆಗಳಲ್ಲಿ ಪಟ್ಟಣವೇ ಕೆಟ್ಟು ಕೂತಿರುತ್ತದೆ, ಸೇರುವುದು ಎಲ್ಲಿಗೆ? ಪದ ಇಲ್ಲದಿದ್ದರೇನು, ಕಥೆ ಮಾತ್ರ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. 2008ರಲ್ಲಿ ಬಂದ ತನ್ನ ಕಾದಂಬರಿಯ ಬೇರು ಗ್ರೀಕರ ಪುರಾಣದಲ್ಲಿದೆ ಎಂದು ಕಾಲಿನ್ಸ್ ಹೇಳಿಕೊಂಡಿದ್ದಾರೆ. ಅಥೆನ್ಸ್ ನಗರ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕ್ರೀಟ್ ದ್ವೀಪಕ್ಕೆ ಕಪ್ಪವಾಗಿ ಕಳಿಸಬೇಕಿತ್ತು, ಚಕ್ರವ್ಯೂಹದೊಳಗಿನ ಗೂಳಿಮುಖದ ರಾಕ್ಷಸನಿಗೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಏಕಚಕ್ರ ನಗರ.

ಬಕಾಸುರನ ಕಥೆ ಎಂದರೆ ನಮಗೆ ಭೀಮ ಬಂಡಿ ಅನ್ನ ಉಂಡದ್ದಷ್ಟೇ ನೆನಪು. ಭೀಮ ಬರುವುದಕ್ಕೆ ಮುಂಚಿನದನ್ನು ಆದಿಪರ್ವದಲ್ಲಿ ಇನ್ನೊಮ್ಮೆ ನೋಡು. ಒಂದು ಬಂಡಿ ಅನ್ನ, ಎರಡು ಕೋಣ, ಅದನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ. ಮನೆಗೆ ಇಂತಿಷ್ಟು ವರ್ಷಕ್ಕೊಮ್ಮೆ ಸರದಿ. ಊರು ಅದಕ್ಕೆ ಒಗ್ಗಿಹೋಗಿದೆ. ಸರದಿ ಬಂದ ಬ್ರಾಹ್ಮಣ ಹೆಂಡತಿಗೆ ಹೇಳುತ್ತಾನೆ: ಈ ಊರು ಬಿಡೋಣ ಎಂದು ನಾನು ಅಂದೇ ಹೇಳಿದ್ದೆ, ಹುಟ್ಟಿದ ಊರು, ತವರು ಎಂದು ನೀನು ಕೇಳಲಿಲ್ಲ. ಸಾವು ಬಾಗಿಲಲ್ಲಿ ನಿಂತಿರುವಾಗ ಗಂಡ ಹೆಂಡಿರ ಹಳೆಯ ಜಗಳ! ಆಮೇಲೆ ನಾನು ಹೋಗುತ್ತೇನೆ ಎಂದು ಅಪ್ಪ, ನಾನು ಎಂದು ಅಮ್ಮ, ನಾನು ಎಂದು ಮಗಳು. ಮೂವರೂ ಅಳುತ್ತಿರುವಾಗ ಇನ್ನೂ ತೊದಲು ಮಾತಿನ ಪುಟ್ಟ ಮಗ ಒಂದು ಹುಲ್ಲುಕಡ್ಡಿ ಎತ್ತಿಕೊಂಡು, ಇದರಿಂದಲೇ ಆ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಅಷ್ಟು ದುಃಖದ ನಡುವೆಯೂ ಅವರಿಗೆ ಸಂತೋಷವಾಗುತ್ತದೆ.

ನಿಮ್ಮ ವಯಸ್ಸಿನವರ ಈ ಸಾಹಿತ್ಯವೆಲ್ಲ ಆ ಹುಲ್ಲುಕಡ್ಡಿ ಹಿಡಿದವನ ಕಥೆ. ಈಗ ನಿನ್ನ ಕಾದಂಬರಿಯ ಮೇಲಿನ ನನ್ನ ಮುಖ್ಯ ತಕರಾರು ಹೇಳುತ್ತೇನೆ. ನಿನ್ನ ನಾಯಕಿ ಮೂವತ್ತನೇ ಪುಟಕ್ಕೇ ಭೀಮನಾಗಿಬಿಡುತ್ತಾಳೆ. ಬಿಲ್ಲು ಬರುತ್ತದೆ, ಕಾವಲುಗಾರರ ಸಂಕೇತ ಒಡೆಯಲು ಬರುತ್ತದೆ, ಮೂರು ದಿನ ಊಟವಿಲ್ಲದೆ ಓಡಲು ಬರುತ್ತದೆ. ಅವಳ ಕೈಯಲ್ಲಿ ಹುಲ್ಲುಕಡ್ಡಿ ಇನ್ನೂ ನೂರು ಪುಟ ಇರಲಿ. ಓದುವ ಮಗು ತನ್ನ ಕೈಯನ್ನು ನೋಡಿಕೊಂಡರೆ ಅಲ್ಲಿರುವುದೂ ಅಷ್ಟೇ ತಾನೆ.

ಎರಡನೆಯದು ನಿನ್ನ ಅಧಿಕಾರಿ. ಕಪ್ಪು ಕನ್ನಡಕ, ಕಬ್ಬಿಣದಂಥ ಧ್ವನಿ, ಕಾರಣವಿಲ್ಲದೆ ನಗುವುದು. ಇಂಥವನನ್ನು ನಾನೂ ಒಮ್ಮೆ ಸೃಷ್ಟಿಸಿದ್ದೆ, ಆದ್ದರಿಂದ ನಿನ್ನನ್ನು ಬೈಯುವ ಹಕ್ಕು ನನಗಿದೆ.

ನಮ್ಮದು ಶರಾವತಿ ದಂಡೆಯ ಊರು, ಈಗ ಅಣೆಕಟ್ಟಿನ ನೀರಿನಡಿ. ನನಗೆ ಏಳು ವರ್ಷವಿದ್ದಾಗ ಸರ್ವೆಯವರು ಬಂದು ಮನೆಯ ಹಿಂದಿನ ಹಲಸಿನ ಮರಕ್ಕೆ ಟಾರಿನಲ್ಲಿ ಒಂದು ಗೆರೆ ಎಳೆದು ಹೋದರು. ನೀರು ನಿಲ್ಲುವುದು ಇಲ್ಲಿಯವರೆಗೆ ಎಂದರು. ಮರ ಇದ್ದದ್ದು ಧರೆಯ ಮೇಲೆ, ಮನೆ ಕೆಳಗೆ. ಮನೆಯ ಹಂಚು ಕೂಡ ಆ ಗೆರೆಗಿಂತ ತಗ್ಗಿನಲ್ಲಿತ್ತು. ದೊಡ್ಡವರು ಆ ಮರದ ಕಡೆ ಹೋಗುವುದನ್ನೇ ಬಿಟ್ಟರು. ಮಕ್ಕಳು ನಾವು ದಿನಾ ಹೋಗುತ್ತಿದ್ದೆವು. ಬೆನ್ನು ಕೊಟ್ಟು ನಿಂತು, ತಲೆಯ ಮೇಲೆ ಅಂಗೈ ಇಟ್ಟು, ಗೆರೆಗೆ ಇನ್ನೆಷ್ಟು ಗೇಣು ಎಂದು ಅಳೆಯುವುದು. ಮೊದಲ ವರ್ಷ ಎರಡು ಗೇಣು ಕಡಿಮೆ ಬಿತ್ತು, ಮುಂದಿನ ವರ್ಷ ಒಂದೂವರೆ. ಗೆರೆ ದಾಟಿ ಬೆಳೆದುಬಿಟ್ಟರೆ ನೀರು ನನ್ನನ್ನು ಮುಳುಗಿಸಲಾರದು ಎಂಬುದು ನನ್ನ ಲೆಕ್ಕ. ಅಮ್ಮ ಬಡಿಸಿದ್ದಕ್ಕಿಂತ ಒಂದು ತುತ್ತು ಹೆಚ್ಚೇ ಉಣ್ಣುತ್ತಿದ್ದೆ.

ಇಪ್ಪತ್ತೈದರ ವಯಸ್ಸಿನಲ್ಲಿ ಇದನ್ನು ಕಥೆ ಮಾಡಿದೆ. ಅದರಲ್ಲಿ ಇಂಜಿನಿಯರ್ ಒಬ್ಬ ರಾಕ್ಷಸ. ಮೀಸೆ ತಿರುವುತ್ತಾನೆ, ಮುದುಕಿಯರನ್ನು ಗದರಿಸುತ್ತಾನೆ. ಪತ್ರಿಕೆಯಲ್ಲಿ ಬಂತು, ನಾಲ್ಕು ಜನ ಹೊಗಳಿದರು. ಅಮ್ಮನಿಗೆ ಓದು ಬಾರದು, ನಾನೇ ಓದಿ ಹೇಳಿದೆ. ಕೇಳಿಸಿಕೊಂಡು ಅಡಿಕೆ ಸುಲಿಯುವ ಕತ್ತಿಯನ್ನು ಕೆಳಗಿಟ್ಟು ಹೇಳಿದಳು: "ಅವನು ಹಾಗಿರಲಿಲ್ಲ. ಮಜ್ಜಿಗೆ ಕೇಳಿ ಕುಡಿದ. ಮರ ಯಾರದ್ದು ಎಂದು ಕೇಳಿ, ಗೆರೆ ಎಳೆಯಬಹುದಾ ಎಂದ. ನಾನು ಹೂಂ ಎಂದೆ."

ಆ ಹೂಂ ನನ್ನ ಕಥೆಯಲ್ಲಿ ಇರಲಿಲ್ಲ, ಸಿಂಚನಾ. ಇಷ್ಟು ವರ್ಷ ಬರೆದರೂ ಅದನ್ನು ಸರಿಯಾಗಿ ಇಡಲು ನನಗೆ ಆಗಿಲ್ಲ. ನಿನ್ನ ನಗರದಲ್ಲಿ ಎಲ್ಲರೂ ಬಂದೂಕಿಗೆ ಹೆದರಿ ಒಪ್ಪಿದ್ದಾರೆ. ಮಜ್ಜಿಗೆ ಕೊಟ್ಟು ಒಪ್ಪಿದ ಒಬ್ಬ ಅಮ್ಮ ಇದ್ದಿದ್ದರೆ, ಅವಳ ಮಗಳಿಗೆ ಅಲ್ಲಿಂದ ಓಡಿಹೋಗುವುದು ಎಷ್ಟು ಕಷ್ಟವಾಗುತ್ತಿತ್ತು ಯೋಚಿಸು.

ನಮ್ಮೂರನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಇಂದಿನ ಮಟ್ಟ, ಕಳೆದ ವರ್ಷ ಇದೇ ದಿನದ ಮಟ್ಟ ಎಂದು ಹಾಕುತ್ತಾರಲ್ಲ, ಊರವರು ಅದನ್ನು ಓದಿ ಈ ಸಲ ಪರವಾಗಿಲ್ಲ ಎಂದು ಖುಷಿಪಡುತ್ತಾರೆ. ನಾನು ಓದುವುದು ನಮ್ಮ ಹಲಸಿನ ಮರದ ಎತ್ತರವನ್ನು. ಆ ನೀರಿನಿಂದ ರಾಜ್ಯಕ್ಕೆಲ್ಲ ಬೆಳಕು ಹೋಯಿತು. ಮುಳುಗಿದವರಲ್ಲಿ ಅನೇಕರು ಕಾಡಿನ ನಡುವೆ ಬುಡ್ಡಿದೀಪದಲ್ಲಿ ಉಳಿದರು, ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿರುವ ಕುಟುಂಬಗಳಿವೆ. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿದೆ. ಅಣೆಕಟ್ಟನ್ನು ಮುಳುಗಿಸಿದ ಅಣೆಕಟ್ಟು. ಇದನ್ನು ನೀನು ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯಿತು ಎಂದು ನಾನು ಅಂಚಿನಲ್ಲಿ ಗೀಚುತ್ತಿದ್ದೆ.

ಹಾಗಾದರೆ ಮುಳುಗಡೆಯ ಮೇಲೇ ಬರಿ ಎನ್ನುತ್ತಿದ್ದೇನೆ ಎಂದುಕೊಳ್ಳಬೇಡ. ಅದು ನನ್ನ ಗೆರೆ. ನಿನ್ನ ಲೋಕ 2140ರಲ್ಲೇ ಇರಲಿ, ಗಾಜಿನ ಗೋಪುರವೂ ಇರಲಿ. ಆದರೆ ಆ ಆಡಳಿತವೆಲ್ಲ ಅಡಗಿ ಕೂತಿರುವ ಒಂದು ಸಣ್ಣ ವಸ್ತು, ಕೈಯಲ್ಲಿ ಹಿಡಿಯುವಂಥದ್ದು ಬೇಕು. ಇಲ್ಲೇ ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಹತ್ತಿಕೊಂಡದ್ದು ಕೊಳಗದಿಂದ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ ಎಷ್ಟು ಎಂಬ ಪ್ರಶ್ನೆ. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಭೂಸುಧಾರಣೆಯ ಮಾತು ಎಲ್ಲ ಆಮೇಲಿನದು. ನಿನ್ನ 214 ಪುಟಗಳಲ್ಲಿ ನಾನು ಒಂದು ಕೊಳಗ ಹುಡುಕಿದೆ. ಇದೆ, ಆದರೆ ನಿನಗೇ ಗೊತ್ತಿಲ್ಲ: 61ನೇ ಪುಟದಲ್ಲಿ ನಾಯಕಿಯ ತಮ್ಮನು ಊಟದ ಬಿಲ್ಲೆಯನ್ನು ನಾಲಿಗೆಯಡಿ ಬಚ್ಚಿಟ್ಟುಕೊಂಡು ಮಲಗುತ್ತಾನಲ್ಲ, ಅದು. ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಆಮೇಲೆ ಎಂಟು ಪುಟ ಗೋಪುರದ ವರ್ಣನೆ. ಗೋಪುರ ಕೆಡವು, ಬಿಲ್ಲೆ ಉಳಿಸು.

ನಿನ್ನ ಕಥೆಯೊಳಗಿನ ರೋಗದ ವಿಷಯಕ್ಕೆ ನಗು ಬಂತು. ಸೊರಬ ತಾಲ್ಲೂಕಿನಲ್ಲಿ ಹುಟ್ಟಿ, ಬಾಯಲ್ಲಿ ತಿರುಗದ ಲ್ಯಾಟಿನ್ ಹೆಸರಿನ ವೈರಾಣು ಕಟ್ಟಿದ್ದೀಯಲ್ಲ ಮಾರಾಯ್ತಿ! 1957ರಲ್ಲಿ ನಿಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಆ ಕಾಡಿನ ಹೆಸರೇ ರೋಗಕ್ಕೆ ಹೋಯಿತು. ಹರಡುವುದು ಉಣುಗು. ಮಂಗ ಸತ್ತ ಸುದ್ದಿ ಬಂದರೆ ಇಂದಿಗೂ ಮಲೆನಾಡಿನ ಮನೆಗಳಲ್ಲಿ ಮಾತು ನಿಲ್ಲುತ್ತದೆ. ತರಗು ಗುಡಿಸಲು ಹೋಗುವವರು ಕೈಕಾಲಿಗೆ ಎಣ್ಣೆ ಸವರಿಕೊಂಡು ಹೊರಡುತ್ತಾರೆ. ನಿನ್ನ ಅಜ್ಜಿಯನ್ನು ಕೂರಿಸಿಕೊಂಡು ಒಂದು ಮಧ್ಯಾಹ್ನ ಕೇಳು.

ಕೊನೆಯ ಅಧ್ಯಾಯದ ಬಗ್ಗೆ ಹೇಳಲು ಹಿಂಜರಿಕೆ, ಏಕೆಂದರೆ ನಿನಗೆ ಅದೇ ಹೆಚ್ಚು ಪ್ರೀತಿ ಎಂದು ಕಾಣುತ್ತದೆ. ಗೋಡೆ ಬೀಳುತ್ತದೆ, ಜನ ಕೂಗುತ್ತಾರೆ, ಸೂರ್ಯ ಹುಟ್ಟುತ್ತಾನೆ. ಶಿಕಾರಿಪುರದ ಈಸೂರು ಗೊತ್ತಲ್ಲ. 1942ರಲ್ಲಿ ತನ್ನದೇ ಸರ್ಕಾರ ಘೋಷಿಸಿಕೊಂಡ ಊರು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂದ ಊರು. ಅಲ್ಲಿ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ಇಬ್ಬರು ಹುಡುಗರನ್ನೇ ಕೂರಿಸಿದ್ದರು. ನಿಮ್ಮ ವಯಸ್ಸಿನ ಓದುಗರಿಗೆ ಇದಕ್ಕಿಂತ ರೋಮಾಂಚನದ ದೃಶ್ಯ ಬೇಕೆ? ಆದರೆ ಆಮೇಲೆ ಪೊಲೀಸರು ಬಂದರು, ಹೆಣ ಬಿದ್ದವು, 1943ರಲ್ಲಿ ಊರಿನ ಐವರು ಗಲ್ಲಿಗೇರಿದರು. ಗೋಡೆ ಬಿದ್ದ ಮರುದಿನ ಬೆಳಿಗ್ಗೆ ನೀರು ತರಲು ಯಾರು ಹೋದರು, ಯಾರ ಮನೆಯ ಒಲೆ ಉರಿಯಲಿಲ್ಲ ಎಂದು ನೀನು ಬರೆದಿಲ್ಲ. ಆ ಒಂದು ಬೆಳಿಗ್ಗೆ ಬರೆ. ಸೂರ್ಯೋದಯ ಬೇಕಾದರೆ ಇಟ್ಟುಕೋ, ಮಳೆಗಾಲದಲ್ಲಿ ಅದೂ ಅಪರೂಪ.

ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬಹಳ ಗೀಚಿದ್ದೇನೆ. ಅರ್ಧ ಒಪ್ಪು, ಅರ್ಧಕ್ಕೆ ಜಗಳ ತೆಗೆ. 117ನೇ ಪುಟದಲ್ಲಿ ತಮ್ಮ, ಅಮ್ಮನಿಗೆ ಮೊದಲೇ ಗೊತ್ತಿತ್ತಾ ಅಕ್ಕಾ ಎಂದು ಕೇಳುತ್ತಾನೆ, ಅವಳು ಸುಮ್ಮನೆ ಅವನ ಶರ್ಟಿನ ಗುಂಡಿ ಹಾಕುತ್ತಾಳೆ. ಅಲ್ಲಿ ಮಾತ್ರ ಒಂದಕ್ಷರವನ್ನೂ ಮುಟ್ಟಬೇಡ.

ಗುರುವಾರ ನಿನ್ನ ಅಮ್ಮ ಸಾಗರಕ್ಕೆ ಬರುತ್ತಾಳಂತೆ, ಕಟ್ಟನ್ನು ಅವಳ ಕೈಯಲ್ಲಿ ಕಳಿಸುತ್ತೇನೆ. ಅದೇ ಚೀಲದಲ್ಲಿ ಹಲಸಿನ ಹಪ್ಪಳವೂ ಇರುತ್ತದೆ, ಎರಡನ್ನೂ ಒತ್ತಾಗಿ ಇಡಬೇಡ ಎಂದು ಹೇಳುತ್ತೇನೆ. ಅವಳು ಕೇಳುವವಳಲ್ಲ. ಪುಟಗಳ ಮೇಲೆ ಎಣ್ಣೆಯ ಕಲೆ ಕಂಡರೆ ನನ್ನನ್ನು ಬೈಯಬೇಡ.

ನಿನ್ನ
ಟೀಚರಮ್ಮ