ಸಂಘದ ವೆಬ್‌ಸೈಟ್ ಸಾಗಿಸಲು ಸಮಯ ಬೇಕು

ಮಾನ್ಯ ಸಂಪಾದಕರೇ,

ವೆಬ್‌ಸೈಟ್ ಕಟ್ಟಿ ನಡೆಸುವ ತಂತ್ರಾಂಶವಾದ ಡ್ರೂಪಲ್ 7ರ ಬೆಂಬಲ 2025ರ ಜನವರಿ 5ಕ್ಕೆ ನಿಂತಿತು. ಡೊಂಬಿವಲಿಯ ನಮ್ಮ ಕನ್ನಡ ಸಂಘದ ವೆಬ್‌ಸೈಟ್ ನೋಡಿಕೊಳ್ಳುವವಳು ನಾನು. ಆ ದಿನಕ್ಕೆ ಬಹಳ ಮೊದಲೇ ಸೈಟನ್ನು ಡ್ರೂಪಲ್ 7ರಿಂದ ಸಾಗಿಸುವ ಕೆಲಸ ಶುರುಮಾಡಿದ್ದು ಒಳ್ಳೆಯದಾಯಿತು. ಬಟನ್ ಒತ್ತಿದರೆ ಮುಗಿಯುವ ಕೆಲಸ ಇದಲ್ಲ. ಸೈಟನ್ನೇ ಹೊಸದಾಗಿ ಕಟ್ಟಿ, ಬರಹಗಳನ್ನು ಅಲ್ಲಿಗೆ ಸಾಗಿಸಬೇಕು.

ಜಾಸ್ತಿ ಹೊತ್ತು ಹಿಡಿದದ್ದು ಹಳೆಯ ಸ್ಮರಣ ಸಂಚಿಕೆಗಳು. ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿದ್ದ ಪುಟಗಳನ್ನು ಈಗ ಎಲ್ಲೆಡೆ ಬಳಸುವ ಯೂನಿಕೋಡ್‌ಗೆ ಬದಲಿಸಿ, ಕೆಟ್ಟ ಒತ್ತಕ್ಷರಗಳನ್ನು ಕೈಯಿಂದಲೇ ತಿದ್ದಿದೆವು. ನಮ್ಮ ಹಿರಿಯರು ಮುಂಬಯಿಗೆ ಬಂದ ಕಥೆ ಇರುವುದು ಅಲ್ಲೇ ಅಲ್ವಾ?

ಇನ್ನೂ ಡ್ರೂಪಲ್ 7ರಲ್ಲೇ ಇರುವ ಸಂಘಗಳು ಸುಮ್ನೆ ಕಾಯಬಾರದು. ಮೊದಲು ಪೂರ್ತಿ ಬ್ಯಾಕಪ್ ತೆಗೆಯಿರಿ. ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಲ್ಲಿದೆ ನೋಡಿ. ಹಳೆಯ ಲಿಂಕುಗಳು ಹೊಸ ಪುಟಕ್ಕೆ ಹೋಗುವಂತೆ ಮಾಡಿಸಿ.

– ಸಂಘದ ಕಾರ್ಯಕರ್ತೆ, ಡೊಂಬಿವಲಿ