ಮಳೆ ಲೆಕ್ಕ ಹಾಕೋರ ಗಮನಕ್ಕೆ
ಎಲ್ಲರಿಗೂ ನಮಸ್ಕಾರ. ಜೂನ್ 1ರಿಂದ ಗ್ರೂಪಲ್ಲಿ ಮಳೆ ಲೆಕ್ಕ ಮತ್ತೆ ಶುರು, ತೋಟದಲ್ಲಿ ಮಳೆಮಾಪಕ ಇಟ್ಕೊಂಡಿರೋರು ಪೂರ್ತಿ ಓದಿ.

ದಿನಾ ಬೆಳಿಗ್ಗೆ 8.30ಕ್ಕೇ ಅಳತೆ ತಗೊಳ್ಳಿ, ಹವಾಮಾನ ಇಲಾಖೆದೂ ಅದೇ ಟೈಮು, ಹಿಂದಿನ 24 ಗಂಟೆ ಮಳೆನ ಆ ಬೆಳಿಗ್ಗೆ ತಾರೀಖಿಗೇ ಬರೀರಿ.

ಮಾಪಕ ಮರದ ಕೆಳಗೆ, ಸೂರಿನ ಪಕ್ಕ ಬೇಡ. ಹತ್ರದ ಮರ ಎಷ್ಟು ಎತ್ತರನೋ ಅದರ ಎರಡರಷ್ಟಾದ್ರೂ ದೂರ ಇರ್ಲಿ.

ಅಳತೆ ಗ್ಲಾಸ್ ಒಡೆದ್ರೆ ಸಿಕ್ಕಿದ ಗ್ಲಾಸಲ್ಲಿ ಅಳೀಬೇಡಿ ಪ್ಲೀಸ್, ಫನಲ್ ಬಾಯಿಗೂ ಗ್ಲಾಸಿನ ಗೆರೆಗೂ ಜೋಡಿ ಇರತ್ತೆ, ಬಾಯಿ 200 ಚದರ ಸೆಂ.ಮೀ ಆದ್ರೆ 20 ಮಿ.ಲೀ ನೀರಿಗೆ 1 ಮಿ.ಮೀ ಮಳೆ, 100 ಆದ್ರೆ 10 ಮಿ.ಲೀ ಸಾಕು.

ಆಟೋಮ್ಯಾಟಿಕ್ ಇರೋರು ಫನಲ್ಲಲ್ಲಿ ಎಲೆ, ಜೇಡರ ಬಲೆ ತೆಗೀರಿ. ಒಳಗಿನ ಪುಟ್ಟ ಬಕೆಟ್ ತುಂಬಿ ಮಗುಚಿದ್ರೇನೇ ಲೆಕ್ಕ ಬೀಳೋದು, ನೀರೇ ಇಳೀದಿದ್ರೆ ಜಡಿಮಳೇಲೂ ಸೊನ್ನೆ ತೋರ್ಸತ್ತೆ!

ಕಾಫಿ ತೋಟದವ್ರು ಇಂಚು-ಸೆಂಟಲ್ಲೇ ಹಾಕಿ ಪರ್ವಾಗಿಲ್ಲ (100 ಸೆಂಟ್ = 1 ಇಂಚು = 25.4 ಮಿ.ಮೀ), ಆದ್ರೆ ಯಾವ ಅಳತೆ ಅಂತ ಬರೀರಿ. ಬರೀ "40" ಅಂದ್ರೆ ಸೆಂಟೋ ಮಿ.ಮೀನೋ ಯಾರಿಗ್ಗೊತ್ತು.

ಈ ಸಲ ಯಾರ್ಯಾರು ಹಾಕ್ತೀರಿ, ಊರ ಹೆಸರು, ಮಾಪಕ ಯಾವ ಥರದ್ದು ಅಂತ ಭಾನುವಾರದೊಳಗೆ ಇಲ್ಲೇ ರಿಪ್ಲೈ ಮಾಡಿ. ಗುಡ್ ಮಾರ್ನಿಂಗ್ ಫೋಟೋ ಬೇಡ, ರೀಡಿಂಗ್ ಸಿಗಲ್ಲ ಆಮೇಲೆ.